ಓನ್ನಿಯ ಕಾಲು, ಮೀಟರಿನ ಮುಳ್ಳು

ಸೆಪ್ಟೆಂಬರಿನ ಒಂದು ಸೋಮವಾರ ಬೆಳಿಗ್ಗೆ ಓನ್ನಿ ಲಾಂಪಿ ತನ್ನ ಹಳದಿ ಕಾರನ್ನು ನನ್ನ ಗ್ಯಾರೇಜಿನ ಮುಂದೆ ತಂದು ನಿಲ್ಲಿಸಿ, ಇಳಿಯದೆ ಹಾರ್ನ್ ಒತ್ತಿದ. ನಾನು ಹೊರಗೆ ಹೋಗಲಿಲ್ಲ. ಮತ್ತೆ ಒತ್ತಿದ. ನಾನು ಲೋಟದಲ್ಲಿದ್ದ ಕಾಫಿಯನ್ನು ನಿಧಾನವಾಗಿ ಮುಗಿಸಿದೆ.

ಅವನಿಗೂ ನನಗೂ ಹನ್ನೊಂದು ವರ್ಷದಿಂದ ಮಾತಿರಲಿಲ್ಲ. ಅದಕ್ಕೆ ಮುಂಚೆ ಇದ್ದದ್ದೂ ಬೈಗುಳವೇ. ಓನ್ನಿ ಮೂವತ್ತು ವರ್ಷ ಕೌಂಟಿಯ, ಅಂದರೆ ನಮ್ಮ ಜಿಲ್ಲಾಡಳಿತದ, ರಸ್ತೆಯ ಹಿಮ ತಳ್ಳುವ ಲಾರಿ ಓಡಿಸಿದವನು. ನನ್ನ ಗಂಡ ಕಾರ್ಲ್ ಬದುಕಿದ್ದಾಗ, ಆ ಲಾರಿಯ ಹಲಗೆ ರಸ್ತೆಬದಿ ನಿಂತಿದ್ದ ಒಂದು ಕಾರಿನ ಬಾಗಿಲನ್ನು ಕೆರೆದುಕೊಂಡು ಹೋಯಿತೆಂದು ಕೌಂಟಿಗೆ ದೂರು ಬರೆದ. ಆ ಚಳಿಗಾಲದಿಂದ ಓನ್ನಿ ನಿವೃತ್ತನಾಗುವವರೆಗೂ ಸರಿಯಾಗಿ ನಮ್ಮ ಗ್ಯಾರೇಜಿನ ಬಾಗಿಲಿಗೇ ಎದೆಯೆತ್ತರದ ಹಿಮದ ಒಡ್ಡು ಬೀಳುತ್ತಿತ್ತು. ಪಕ್ಕದ ಬೇಕರಿಯ ಮುಂದೆ ಬೀಳುತ್ತಿರಲಿಲ್ಲ. ಕಾರ್ಲ್ ಸತ್ತ ವಾರವೂ ಬಿತ್ತು. ಅದನ್ನು ಒಬ್ಬಳೇ ಸಲಿಕೆ ಹಿಡಿದು ಬಗೆದು ಮುಗಿಸಿದ ದಿನ ನಾನು ಅವನ ಜೊತೆ ಮಾತು ಬಿಟ್ಟೆ.

"ಬದುಕಿದೀಯಾ ಒಳಗೆ?" ಅಂತ ಅವನೇ ಕೂಗಿದ.

ನಾನು ಬಾಗಿಲಿಗೆ ಬಂದು ನಿಂತೆ. "ಏನು, ಹಾರ್ನ್ ರಿಪೇರಿಗೆ ಬಂದ್ರಾ?"

"ಹಾರ್ನ್ ಚೆನ್ನಾಗಿದೆ. ನಿನ್ನ ಕಿವಿ ತೋರಿಸ್ಕೋ."

"ಹಾಗಾದ್ರೆ ಗಾಡಿ ತಿರುಗಿಸಿ. ಊರಲ್ಲಿ ಬೇರೆ ಗ್ಯಾರೇಜುಗಳಿವೆ."

"ಮೂರಕ್ಕೂ ಹೋಗಿ ಬಂದೆ ಕಣಮ್ಮ. ಅಲ್ಲಿ ಆಗಿದ್ರೆ ನಿನ್ನ ಮುಖ ನೋಡೋಕೆ ಯಾಕೆ ಬರ್ತಿದ್ದೆ?"

ಇದು ನಿಜವೆಂದು ಅವನ ಕುತ್ತಿಗೆ ಕೆಂಪಾದದ್ದರಲ್ಲೇ ಗೊತ್ತಾಯಿತು. ಎಪ್ಪತ್ತೊಂಬತ್ತು ವರ್ಷದ ಗಂಡಸು, ಉಕ್ಕಿನ ಹಾಗೆ ನೆಟ್ಟಗೆ ಕೂತಿದ್ದ. ಕಾರು ಅವನಿಗಿಂತ ನುಣುಪು. ನಲವತ್ತು ದಾಟಿದ ಎರಡು ಸೀಟಿನ ಕಾರು, ಮೇಲಿನ ಹೊದಿಕೆ ಮಡಚುವಂಥದ್ದು, ಸಮುದ್ರದಾಚೆಯಿಂದ ಬಂದದ್ದು. ತುಕ್ಕಿನ ಒಂದು ಚುಕ್ಕೆ ಇಲ್ಲ. ಮಿಷಿಗನ್ನಿನ ಈ ಉತ್ತರದ ಮೂಲೆಯಲ್ಲಿ ತುಕ್ಕಿಲ್ಲದ ಹಳೆಯ ಕಾರು ಅಂದರೆ ಒಡೆಯ ಅದನ್ನು ಹೆತ್ತ ಮಗುವಿಗಿಂತ ಹೆಚ್ಚು ನೋಡಿಕೊಂಡಿದ್ದಾನೆ ಅಂತಲೇ ಅರ್ಥ. ಓನ್ನಿಯ ಮಗಳನ್ನು ಕೇಳಿದರೆ ಅವಳೂ ಇದನ್ನೇ ಹೇಳುತ್ತಾಳೆ.

ತೊಂದರೆ ಏನೆಂದು ಕೇಳಿದೆ. ಊರೊಳಗೆ ಏನೂ ಇಲ್ಲ, ಸರೋವರದ ರಸ್ತೆಯಲ್ಲಿ ಏನೂ ಇಲ್ಲ. ಏರು ಹತ್ತುವಾಗ ಕೆಲವು ಸಲ, ಎಲ್ಲ ಸಲ ಅಲ್ಲ, ಪಿಕಪ್ ಇದ್ದಕ್ಕಿದ್ದಂತೆ ಹೋಗುತ್ತದೆ, ಎಂಜಿನ್ ಎರಡು ಸಲ ಕೆಮ್ಮಿ ಆಫ್ ಆಗುತ್ತದೆ. ಕೀಲಿ ತಿರುಗಿಸಿದರೆ ಏನೂ ಆಗದ ಹಾಗೆ ಮತ್ತೆ ಹೊತ್ತಿಕೊಳ್ಳುತ್ತದೆ. ಮೊದಲ ಗ್ಯಾರೇಜಿನವನು ಪ್ಲಗ್ಗು, ವೈರು ಬದಲಿಸಿದ. ಎರಡನೆಯವನು ಪೆಟ್ರೋಲ್ ಪಂಪ್ ಬದಲಿಸಿದ. ಮೂರನೆಯವನು ಕಿಡಿ ಹುಟ್ಟಿಸುವ ಕಾಯಿಲ್ ಬದಲಿಸಿ, "ಕಾರು ಸರಿಯಾಗಿದೆ, ಓಡಿಸೋರನ್ನ ನೋಡ್ಕೊಳ್ಳಿ" ಅಂದನಂತೆ.

"ಹಾಗಂದ ಅವನು ಇನ್ನೂ ನೆಟ್ಟಗಿದಾನಾ?" ಅಂದೆ.

ಓನ್ನಿ ನಗಲಿಲ್ಲ. ಅಂಗಿಯ ಜೇಬಿನಿಂದ ಒಂದು ಕಾಗದ ತೆಗೆದು ಕಾರಿನ ಬಾಗಿಲಿನ ಮೇಲೆ ಇಟ್ಟ. ರಾಜ್ಯದ ಲೈಸೆನ್ಸ್ ಕಚೇರಿಯದ್ದು. ಗುರುವಾರ ಹತ್ತು ಗಂಟೆಗೆ ಬಂದು ಮತ್ತೆ ಪರೀಕ್ಷೆ ಕೊಡಬೇಕು, ಕೊಟ್ಟು ಪಾಸಾಗದಿದ್ದರೆ ಲೈಸೆನ್ಸ್ ರದ್ದು. ಕಾರಣವೂ ಅದರಲ್ಲೇ ಇತ್ತು. ಆಗಸ್ಟಿನಲ್ಲಿ ಗಣಿಗುಡ್ಡದ ಏರಿನಲ್ಲಿ ಅವನ ಕಾರು ನಡುರಸ್ತೆಯಲ್ಲಿ ನಿಂತುಬಿಟ್ಟಿತ್ತು. ಹಿಂದೆ ಬರುತ್ತಿದ್ದ ಮರದ ದಿಮ್ಮಿಯ ಲಾರಿ ತಪ್ಪಿಸಲು ಹೋಗಿ ರಸ್ತೆಯಂಚಿನ ಕಂಬಿಗೆ ಗುದ್ದಿತು. ಯಾರಿಗೂ ಪೆಟ್ಟಾಗಲಿಲ್ಲ. ಶೆರಿಫ್ ಕಚೇರಿಯ ಪೊಲೀಸಿನವನು ತನ್ನ ವರದಿಯಲ್ಲಿ 'ಚಾಲಕ ತೂಕಡಿಸಿರಬಹುದು' ಎಂದು ಬರೆದಿದ್ದ. ಅದರ ಕೆಳಗೆ, ಪರೀಕ್ಷೆಗೆ ಕೋರಿಕೆ ಸಲ್ಲಿಸಿದವರು: ಡಾರ್ಲೀನ್ ಲಾಂಪಿ, ಮಗಳು.

"ನೋಡಿದ್ಯಾ?" ಅಂದ ಓನ್ನಿ. "ಸ್ವಂತ ಮಗಳು. ಸಹಿ ಎಷ್ಟು ದುಂಡಗಿದೆ ನೋಡು."

ಅವನ ಮನೆ ಊರಿನಿಂದ ಹನ್ನೊಂದು ಮೈಲಿ, ಸರೋವರದ ದಂಡೆಯಲ್ಲಿ. ಅಲ್ಲಿಗೆ ಬಸ್ಸಿಲ್ಲ. ಲೈಸೆನ್ಸ್ ಹೋದರೆ ಆ ಮನೆ ಹೋದ ಹಾಗೆಯೇ. ಡಾರ್ಲೀನ್ ಊರಿನ ವೃದ್ಧಾಶ್ರಮದಲ್ಲಿ ನರ್ಸು. ಅವನು ಬಾಯಿಬಿಟ್ಟು ಹೇಳದಿದ್ದರೂ ಯಾವ ಹಾಸಿಗೆಯ ಬಗ್ಗೆ ಯೋಚಿಸುತ್ತಿದ್ದಾನೆಂದು ನನಗೆ ಗೊತ್ತಿತ್ತು.

"ಕಾರೇ ನಿಂತಿತ್ತು ಅಂತ ನೀನು ಬರೆದುಕೊಡಬೇಕು," ಅಂದ.

"ನಿಂತಿದ್ದನ್ನ ನಾನು ನೋಡಿಲ್ವಲ್ಲ."

"ನಾನು ಹೇಳ್ತಿದೀನಲ್ಲ!"

"ನಮ್ಮ ಬಾಗಿಲಿಗೆ ಹಿಮ ತಾನಾಗೇ ಬೀಳುತ್ತೆ ಅಂತಲೂ ನೀವೇ ಕೌಂಟಿಗೆ ಹೇಳಿದ್ದು."

ಅಷ್ಟರಲ್ಲಿ ಡಾರ್ಲೀನಳ ಬೂದು ಬಣ್ಣದ ಕಾರು ಬಂತು. ಐವತ್ತು ದಾಟಿದ ಹೆಂಗಸು, ಅಪ್ಪನ ಹಾಗೇ ನೆಟ್ಟಗೆ, ಅಪ್ಪನ ಹಾಗೇ ಗದ್ದ ಮುಂದೆ. ನರ್ಸಿನ ನೀಲಿ ಬಟ್ಟೆಯಲ್ಲೇ ಇದ್ದಳು.

"ಊರಿಗೆ ಓಡಿಸ್ಕೊಂಡು ಬರಬೇಡ ಅಂದಿದ್ದೆ ಅಪ್ಪಾ."

"ಪೊಲೀಸರಿಗೆ ಫೋನ್ ಮಾಡು. ನಂಬರ್ ಬಾಯಿಪಾಠ ಇರ್ಬೇಕಲ್ಲ ನಿಂಗೆ."

"ಆ ಲಾರಿ ನಿನ್ನ ಮೇಲೆ ಹತ್ತಿದ್ರೆ ನಿನ್ನ ತುಂಡು ಆರಿಸೋಕೆ ನನ್ನನ್ನೇ ಕರೀತಿದ್ರು."

"ಕರೀತಿದ್ರೆ ನಿಂಗೆ ಸಂತೋಷ. ಮನೆ ಮಾರೋದು ಸಲೀಸು."

"ನಿನ್ನ ಮನೆ ಯಾರಿಗೆ ಬೇಕು? ಅದರಲ್ಲಿ ಬಿಸಿನೀರೂ ಬರಲ್ಲ!"

ಬೇಕರಿಯವಳು ಕಿಟಕಿಗೆ ಬಂದು ನಿಂತಳು. ಅಪ್ಪ, ಮಗಳು ಇಬ್ಬರಿಗೂ ಒಳಗೆ ಬರಲು ಹೇಳಿದೆ. ಫಿನ್‌ಲೆಂಡಿನಿಂದ ಬಂದ ನಮ್ಮ ಹಿರಿಯರು ಕಲಿಸಿದ, ಏಲಕ್ಕಿ ಹಾಕಿದ ನಿಸು ಬ್ರೆಡ್ಡು ಇತ್ತು, ಕಾಫಿಯ ಜೊತೆ ಮೇಜಿನ ಮೇಲಿಟ್ಟೆ. ಓನ್ನಿ ಮುಟ್ಟಲಿಲ್ಲ. ಡಾರ್ಲೀನ್ ಮುಟ್ಟಲಿಲ್ಲ. ನಾನು ತಿಂದೆ.

ನನ್ನದೊಂದು ಪದ್ಧತಿ ಇದೆ. ಬಂದು ಹೋಗುವ ಕಾಯಿಲೆಯ ಗಾಡಿಗೆ ನಾನು ಮೊದಲು ಸ್ಪ್ಯಾನರ್ ಹಚ್ಚುವುದಿಲ್ಲ. ಅದು ನನ್ನ ಕಣ್ಣೆದುರೇ ನಿಲ್ಲಬೇಕು. ನಿಲ್ಲುವುದಕ್ಕೆ ಮುಂಚೆ ಏನಾದರೂ ಬಿಚ್ಚಿದರೆ, ತಪ್ಪು ಎಲ್ಲಿತ್ತೋ ಅಲ್ಲಿಂದ ಜಾರಿಹೋಗುತ್ತದೆ, ಆಮೇಲೆ ಹೊಸ ಪಂಪು, ಹೊಸ ಕಾಯಿಲ್ ಹಾಕಿಕೊಂಡು ತಿರುಗಬೇಕಾಗುತ್ತದೆ. ಆ ಮೂವರೂ ಮಾಡಿದ್ದು ಅದೇ. ಕಾರನ್ನು ನಿಲ್ಲಿಸಿಕೊಂಡೇ ರೇಸ್ ಕೊಟ್ಟು ಕೇಳಿದ್ದರು. ಎಂಜಿನ್ ಮೇಲೆ ಭಾರ ಬೀಳದೆ ಅದು ತನ್ನ ಗುಟ್ಟು ಬಿಡುವುದಿಲ್ಲ.

"ನೀವೇ ಓಡಿಸ್ಬೇಕು. ನಾನು ಪಕ್ಕ ಕೂರ್ತೀನಿ," ಅಂದೆ ಓನ್ನಿಗೆ.

"ನೀನೇ ಓಡಿಸು. ನಾನ್ಯಾಕೆ?"

"ನಿಂತಾಗ ನೀವೇ ಅಲ್ವಾ ಓಡಿಸ್ತಿದ್ದಿದ್ದು?"

ಹೇಳಿದ್ದು ಅಷ್ಟೇ. ಮನಸ್ಸಿನಲ್ಲಿ ಇನ್ನೊಂದಿತ್ತು. ಅವನು ತೂಕಡಿಸಿದನೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ತೂಕಡಿಸಿದವನಿಗೆ ನಾನು ಕಾಗದ ಬರೆದುಕೊಟ್ಟು, ನಾಳೆ ಇನ್ನೊಬ್ಬರ ಮಗು ಸತ್ತರೆ ಆ ಕಾಗದದ ಮೇಲೆ ನನ್ನ ಹೆಸರಿರುತ್ತದೆ.

ಎರಡು ಮೀಟರು ಹಾಕಿದೆ. ಒಂದು ಪೆಟ್ರೋಲಿನ ಒತ್ತಡ ನೋಡಲು. ಅದರ ಉದ್ದದ ಹೋಸನ್ನು ಬಾನೆಟ್ಟಿನ ಸಂದಿಯಿಂದ ತಂದು ಮುಂದಿನ ಗಾಜಿನ ಹೊರಗೆ ಟೇಪಿನಲ್ಲಿ ಅಂಟಿಸಿದೆ. ಇನ್ನೊಂದು, ಎಂಜಿನ್ ಒಳಗೆ ಗಾಳಿ ಎಳೆಯುವ ಬಲ ಅಳೆಯುವುದು. ಕಿಡಿ ಹೋಗುತ್ತಿದೆಯೇ ಎಂದು ತಿಳಿಯಲು ಕಾಯಿಲಿಗೊಂದು ಪುಟ್ಟ ಬಲ್ಬು ಕಟ್ಟಿ ಅದನ್ನೂ ಗಾಜಿನ ಬಳಿ ತಂದೆ.

ಓನ್ನಿ ಟೇಪ್ ನೋಡಿ ಹಲ್ಲು ಕಡಿದ. "ಪೇಂಟ್ ಕಿತ್ತು ಬಂದ್ರೆ ನಿನ್ನ ಚರ್ಮ ಕಿತ್ತು ಅಂಟಿಸ್ತೀನಿ."

"ಬಣ್ಣ ಹೊಂದಲ್ಲ," ಅಂದೆ.

ಡಾರ್ಲೀನಳನ್ನು ಪಕ್ಕಕ್ಕೆ ಕರೆದು ಎರಡನೆಯ ಮೀಟರಿನ ವಿಷಯ ಹೇಳಿದೆ. ಎಂಜಿನ್ನಿನ ಗಾಳಿದಾರಿಯಲ್ಲಿ ಒಂದು ಕದವಿದೆ, ಅದು ಆಕ್ಸಿಲರೇಟರಿಗೆ ಕಟ್ಟಿದ್ದು. ಕಾಲು ಎತ್ತಿದರೆ ಕದ ಮುಚ್ಚುತ್ತದೆ, ಎಂಜಿನ್ ಮುಚ್ಚಿದ ಕದದ ಹಿಂದೆ ಉಸಿರೆಳೆಯುತ್ತದೆ, ಮುಳ್ಳು ಮೇಲೇರುತ್ತದೆ. ಕಾಲು ಪೂರ್ತಿ ಒತ್ತಿದರೆ ಕದ ತೆರೆಯುತ್ತದೆ, ಮುಳ್ಳು ಸೊನ್ನೆಗೆ ಬೀಳುತ್ತದೆ. ಆದ್ದರಿಂದ ಆ ಮುಳ್ಳನ್ನು ನೋಡಿದರೆ ಓಡಿಸುವವನ ಕಾಲು ಎಲ್ಲಿದೆಯೆಂದು ಕೇಳಬೇಕಾಗಿಲ್ಲ.

"ಅಂದ್ರೆ ತೂಕಡಿಸಿ ಕಾಲು ಸಡಿಲ ಬಿಟ್ರೆ..."

"ಅದು ಹೇಳಿಬಿಡುತ್ತೆ."

"ಅಪ್ಪನಿಗೆ ಹೇಳ್ಬೇಡಿ," ಅಂದಳು ಡಾರ್ಲೀನ್. ಅವಳ ಮುಖದಲ್ಲಿ ಗೆಲುವಿನಂಥದ್ದೇನೂ ಇರಲಿಲ್ಲ. ಹಲ್ಲುನೋವಿನವರ ಮುಖ ಇರುತ್ತದಲ್ಲ, ಹಾಗಿತ್ತು.

ಮೊದಲ ಸಲ ಗಣಿಗುಡ್ಡ ಹತ್ತಿದೆವು, ಕಾರು ಬೆಣ್ಣೆಯ ಹಾಗೆ ಹೋಯಿತು. ಇಳಿದು ಮತ್ತೆ ಹತ್ತಿದೆವು, ಆಗಲೂ ಏನಿಲ್ಲ. ಓನ್ನಿ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಮೊಟ್ಟೆಯ ಮೇಲೆ ನಡೆಯುವವನಂತೆ ಓಡಿಸುತ್ತಿದ್ದ.

ಕೆಳಗೆ ಕಾಯುತ್ತಿದ್ದ ಡಾರ್ಲೀನ್ ಕಿಟಕಿ ಇಳಿಸಿದಳು. "ಏನಾಯ್ತು? ನಿಲ್ಲಲಿಲ್ವಾ? ಆಶ್ಚರ್ಯ!"

"ಇವತ್ತು ಒಳ್ಳೆ ಮೂಡಲ್ಲಿದೆ," ಅಂದ ಓನ್ನಿ.

"ಕಾರಿಗೆ ಮೂಡ್ ಇರಲ್ಲ ಅಪ್ಪಾ. ನಿಂಗೆ ಇರತ್ತೆ. ಇವತ್ತು ಎಚ್ಚರವಾಗಿದೀಯ, ಅಷ್ಟೇ."

ಅವನು ಅವಳಿಗೆ ಫಿನ್ನಿಷ್ ಭಾಷೆಯಲ್ಲಿ ಏನೋ ಅಂದ. ನನ್ನ ಅಜ್ಜಿ ಹಂದಿಗೆ ಮಾತ್ರ ಅದನ್ನು ಅನ್ನುತ್ತಿದ್ದಳು. ನಾನು ನಡುವೆ ಬಾಯಿ ಹಾಕಿದೆ.

"ಓನ್ನಿ, ಆ ದಿನ ಲಾರಿ ಎಷ್ಟು ಹಿಂದಿತ್ತು?"

"ನನ್ನ ಬೆನ್ನಿಗೇ ಅಂಟಿಕೊಂಡಿತ್ತು. ಹಾರ್ನ್ ಹೊಡೀತಿದ್ದ, ದರಿದ್ರದವನು."

"ನೀವೇನು ಮಾಡಿದ್ರಿ?"

"ಕಾಲು ಒತ್ತಿದೆ. ಇನ್ನೇನು ಮಾಡ್ಲಿ, ದಾರಿ ಬಿಟ್ಟು ಕಾಡಿಗೆ ಹೋಗ್ಲಾ?"

ಅದೇ ಬೇಕಿತ್ತು ನನಗೆ. ಎರಡು ಸಲವೂ ಅವನು ಪೂರ್ತಿ ಒತ್ತಿರಲೇ ಇಲ್ಲ. ಒಂಟಿಯಾಗಿ ಓಡಿಸುವಾಗಲೂ ಒತ್ತುವವನಲ್ಲ, ಆ ಕಾರಿನ ಮೇಲೆ ಅಷ್ಟು ಪ್ರೀತಿ. ಹಿಂದೆ ಯಾರಾದರೂ ಬಿದ್ದಾಗ ಮಾತ್ರ ಅವನ ಕಾಲು ನೆಲ ಮುಟ್ಟುತ್ತದೆ.

"ಡಾರ್ಲೀನ್, ನೀನು ಲಾರಿ ಆಗು," ಅಂದೆ.

"ಏನು?"

"ಹಿಂದೆ ಬಾ, ಹತ್ತಿರ. ಹಾರ್ನ್ ಹೊಡಿ. ಆದ್ರೆ ನಮ್ಮ ಹಿಂದಿನ ದೀಪ ಕೆಂಪಾದ ತಕ್ಷಣ ಬ್ರೇಕ್ ಒತ್ತು. ಅಲ್ಲಿ ಬಲಕ್ಕೆ ಅಗಲದ ಜಾಗ ಇದೆಯಲ್ಲ, ಅಲ್ಲಿಗೆ ಇಬ್ಬರೂ ತಿರುಗಿಸಿ."

"ಅವಳಿಗೆ ಇದು ಹೇಳಿಕೊಡ್ಬೇಕಾ?" ಅಂದ ಓನ್ನಿ. "ಹುಟ್ಟಿದಾಗಿನಿಂದ ನನ್ನ ಬೆನ್ನ ಹಿಂದೆ ಹಾರ್ನ್ ಹೊಡೀತಾನೇ ಇದಾಳೆ."

ಮೂರನೆಯ ಸಲ ಡಾರ್ಲೀನ್ ನಿಜಕ್ಕೂ ಲಾರಿಯಾದಳು. ತಿರುವು ದಾಟುವುದಕ್ಕೆ ಮುಂಚೆಯೇ ನಮ್ಮ ಹಿಂದೆ ಬಂದು, ಕೈಯನ್ನು ಹಾರ್ನಿನ ಮೇಲಿಟ್ಟು ತೆಗೆಯಲೇ ಇಲ್ಲ. ಹೊದಿಕೆ ಮಡಚಿದ ಕಾರು, ಸದ್ದು ಸೀದಾ ತಲೆಗೆ ಹೊಡೆಯುತ್ತಿತ್ತು. ಓನ್ನಿಯ ಕಿವಿ ಕೆಂಪಾಯಿತು. "ನೋಡು, ನೋಡು ಅವಳನ್ನ! ಖುಷಿ ನೋಡು ಅವಳದು!" ಎಂದು ಕಿರುಚುತ್ತ ಮೂರನೆಯ ಗೇರಿಗೆ ಹಾಕಿ ಕಾಲು ಒತ್ತಿದ. ಕಾರು ಚಿಮ್ಮಿತು. ನನ್ನ ಬೆನ್ನು ಸೀಟಿಗೆ ಅಂಟಿತು. ಮುಳ್ಳು ಸೊನ್ನೆಗೆ ಬಿತ್ತು, ಸರಿಯಾಗಿಯೇ ಬಿತ್ತು. ಒಂದು, ಎರಡು, ಮೂರು, ನಾಲ್ಕು ಎಣಿಸಿದೆ.

ಆಗ ಎಂಜಿನ್ನಿನ ಸದ್ದು ಅಡಗಿತು. ಯಾರೋ ಬಾಯಿಗೆ ದಿಂಬು ಒತ್ತಿದ ಹಾಗೆ. ಕಾರು ಕೆಮ್ಮಿತು. ಬಲ್ಬು ಉರಿಯುತ್ತಲೇ ಇತ್ತು, ಅಂದರೆ ಕಿಡಿ ಸರಿಯಾಗಿದೆ. ಪೆಟ್ರೋಲಿನ ಒತ್ತಡ ಕದಲಲಿಲ್ಲ. ಆದರೆ ಇನ್ನೊಂದು ಮುಳ್ಳು ಸೊನ್ನೆ ಬಿಟ್ಟು ಸರ್ರನೆ ಮೇಲೇರಿತು, ಕಾಲು ಎತ್ತಿದಾಗ ಏರುವ ಹಾಗೆ.

ಕಾಲು ತೆಗೆದುಬಿಟ್ಟನಲ್ಲ ಮುದುಕ, ಅಂದುಕೊಂಡೆ. ಹೇಳಲು ಬಾಯಿಯನ್ನೂ ತೆರೆದಿದ್ದೆ. ತೆರೆದ ಬಾಯಿಯಲ್ಲೇ ಬಗ್ಗಿ ಅವನ ಕಾಲು ನೋಡಿದೆ.

ಅವನ ಬೂಟು ಪೆಡಲನ್ನು ನೆಲಕ್ಕೆ ಒತ್ತಿ ಹಿಡಿದಿತ್ತು. ಮಂಡಿ ನಡುಗುವಷ್ಟು ಬಲವಾಗಿ ಒತ್ತಿತ್ತು. ಕಣ್ಣು ಅಗಲವಾಗಿ ತೆರೆದು ರಸ್ತೆಯ ಮೇಲೇ ಇತ್ತು.

ಎಂಜಿನ್ ಸತ್ತಿತು. "ಬಲಕ್ಕೆ!" ಅಂದೆ. ಅವನು ಆಗಲೇ ತಿರುಗಿಸಿದ್ದ, ಉಳಿದ ವೇಗದಲ್ಲೇ ಕಾರನ್ನು ಅಗಲದ ಜಾಗಕ್ಕೆ ಉರುಳಿಸಿ ನಿಲ್ಲಿಸಿದ. ಬ್ರೇಕಿನ ದೀಪ ನೋಡಿದ್ದ ಡಾರ್ಲೀನ್ ಐವತ್ತು ಹೆಜ್ಜೆ ಹಿಂದೆ ನಿಂತಿದ್ದಳು. ಹಾರ್ನ್ ನಿಂತದ್ದರಿಂದ ಕಾಡೆಲ್ಲ ಖಾಲಿಯಾದ ಹಾಗಾಯಿತು.

ಓನ್ನಿ ಕೀಲಿಗೆ ಕೈ ಹಾಕಿದ.

"ಮುಟ್ಟಬೇಡಿ!"

"ಈಗ ಸ್ಟಾರ್ಟ್ ಆಗತ್ತೆ ನೋಡು."

"ಆಗತ್ತೆ ಅಂತ ಗೊತ್ತು. ಅದಕ್ಕೇ ಮುಟ್ಟಬೇಡಿ."

ಕಾಲು ಒತ್ತಿದೆ, ಕದ ತೆರೆದಿದೆ, ಆದರೂ ಎಂಜಿನ್ ಮುಚ್ಚಿದ ಬಾಗಿಲಿನ ಹಿಂದೆ ಉಸಿರೆಳೆಯುತ್ತಿದೆ. ಹಾಗಾದರೆ ಇನ್ನೊಂದು ಬಾಗಿಲಿದೆ. ಕಾರು ಮಾಡಿದವರು ಹಾಕದ ಬಾಗಿಲು. ಬಾನೆಟ್ ಎತ್ತಿ, ಗಾಳಿ ಅಳೆಯುವ ಪೆಟ್ಟಿಗೆಯಿಂದ ಎಂಜಿನ್ನಿಗೆ ಹೋಗುವ ದಪ್ಪ ರಬ್ಬರ್ ಹೋಸನ್ನು ಹೊರಗಿನಿಂದಲೇ ಹಿಂಡಿ ನೋಡಿದೆ. ತಗ್ಗಿನ ಬಾಗಿನಲ್ಲಿ ಏನೋ ಮೆತ್ತಗೆ ಸಿಕ್ಕಿತು. ಕ್ಲಿಪ್ಪು ಸಡಿಲಿಸಿ ಹೋಸ್ ಕಿತ್ತು ಎರಡು ಬೆರಳು ತೂರಿಸಿದೆ.

ಹೊರಗೆ ಬಂದದ್ದು ಬಟ್ಟೆ ಒಣಗಿಸುವ ಯಂತ್ರಕ್ಕೆ ಹಾಕುವ, ತೆಳು ಬಟ್ಟೆಯಂಥ ಸುವಾಸನೆಯ ಹಾಳೆ. ಒಂದಲ್ಲ, ಮೂರನ್ನು ಒಟ್ಟಿಗೆ ಮಡಚಿ ನಡುವೆ ಗಂಟು ಹಾಕಿದ್ದು. ಎಣ್ಣೆ ಹಿಡಿದು ಕಪ್ಪಾಗಿತ್ತು, ಆದರೂ ಮೂಗಿನ ಬಳಿ ತಂದರೆ ಲ್ಯಾವೆಂಡರ್ ಹೂವಿನ ವಾಸನೆ.

ನಮ್ಮ ಕಡೆ ಇಂಥ ಕಾರುಗಳು ನವೆಂಬರಿನಿಂದ ಮೇ ತಿಂಗಳವರೆಗೆ ಹೊರಗೆ ಬರುವುದಿಲ್ಲ. ಹಿಮ ಕರಗಿದ ಮೇಲೂ ಬರುವುದಿಲ್ಲ. ಹಿಮ ಕರಗಿಸಲು ರಸ್ತೆಗೆ ಸುರಿದ, ಕಾರಿಗೆ ತುಕ್ಕು ಹಿಡಿಸುವ ಉಪ್ಪನ್ನು ಎರಡು ಜೋರು ಮಳೆ ತೊಳೆಯುವವರೆಗೆ ಒಡೆಯ ಕಿಟಕಿಯಲ್ಲಿ ಕೂತು ಕಾಯುತ್ತಾನೆ. ಆ ಆರು ತಿಂಗಳು ಶೆಡ್ಡಿನಲ್ಲಿ ಇಲಿಯದೇ ರಾಜ್ಯಭಾರ. ವೈರು ಕಡಿಯುತ್ತದೆ, ಸೀಟಿನೊಳಗೆ ಮರಿ ಹಾಕುತ್ತದೆ. ಇಲಿಗೆ ಈ ಹಾಳೆಯ ವಾಸನೆ ಆಗುವುದಿಲ್ಲ ಎಂದು ಎಲ್ಲರೂ ನಂಬಿದ್ದಾರೆ. ಸೀಟಿನ ಕೆಳಗೆ, ಡಿಕ್ಕಿಯಲ್ಲಿ, ಬಾನೆಟ್ಟಿನೊಳಗೆ, ತೂತು ಕಂಡಲ್ಲೆಲ್ಲ ತುರುಕುತ್ತಾರೆ. ಮೇ ತಿಂಗಳಲ್ಲಿ ಒಂದೊಂದಾಗಿ ತೆಗೆಯುತ್ತಾರೆ.

ಈ ಗಂಟು ಹೋಸಿನ ಬಾಗಿನಲ್ಲಿ ಬಿದ್ದಿರುತ್ತಿತ್ತು. ಮೆಲ್ಲಗೆ ಓಡಿಸುವಾಗ ಗಾಳಿ ಅದರ ಮೇಲೆ ಹಾದುಹೋಗುತ್ತಿತ್ತು. ಏರಿನಲ್ಲಿ ಕಾಲು ಪೂರ್ತಿ ಒತ್ತಿದಾಗ ಗಾಳಿಯ ಎಳೆತಕ್ಕೆ ಎದ್ದು ಹೋಗಿ ಎಂಜಿನ್ನಿನ ಬಾಯಿಗೆ ಅಂಟಿಕೊಳ್ಳುತ್ತಿತ್ತು. ಗಂಟಿದ್ದದ್ದರಿಂದ ಒಳಗೂ ಹೋಗುವಂತಿಲ್ಲ. ಎಂಜಿನ್ ನಿಂತ ಮೇಲೆ ಎಳೆತ ಇಲ್ಲ, ಮತ್ತೆ ಬಾಗಿಗೆ ಬಿದ್ದು ಸಾಧುವಾಗಿ ಮಲಗುತ್ತಿತ್ತು. ಗ್ಯಾರೇಜಿನಲ್ಲಿ ನಿಲ್ಲಿಸಿ ರೇಸ್ ಕೊಟ್ಟವರಿಗೆ ಇದು ಹೇಗೆ ಸಿಗಬೇಕು?

"ಇದು ನಂದಲ್ಲ," ಅಂದ ಓನ್ನಿ. "ಆ ಕಾಯಿಲ್ ಹಾಕಿದನಲ್ಲ, ಆ ಕಳ್ಳನದು. ಬೇಕೂಂತ ಹಾಕಿದಾನೆ."

ನಾನು ಗಂಟನ್ನು ಅವನ ಅಂಗೈ ಮೇಲೆ ಇಟ್ಟೆ. ಅದು ಎರಡು ಸುತ್ತು ಹಾಕಿ ತುದಿಯನ್ನು ಕೆಳಗಿನಿಂದ ಎಳೆದ ಗಂಟು. ಹಿಮ ತಳ್ಳುವ ಲಾರಿಯವರು ರಸ್ತೆಯಂಚಿನ ಕೋಲುಗಳಿಗೆ ಕೆಂಪು ಬಟ್ಟೆ ಕಟ್ಟುವುದು ಹಾಗೆ. ಬೇರೆ ಯಾರೂ ಹಾಗೆ ಕಟ್ಟುವುದಿಲ್ಲ.

ಅವನು ಅದನ್ನು ಬೆರಳಿನಿಂದ ಹೊರಳಿಸಿದ. ಇನ್ನೊಮ್ಮೆ ಹೊರಳಿಸಿದ. ಅವನ ಮುಖ ನೋಡಲು ನನಗಾಗಲಿಲ್ಲ. ಹೋಸಿನ ಕ್ಲಿಪ್ಪು ನೋಡುತ್ತ ನಿಂತೆ.

ನನಗೆ ಲೆಕ್ಕ ಹಾಕಲು ಕಷ್ಟವಾಗಲಿಲ್ಲ. ಕಾರೇ ನಿಂತದ್ದು, ಮನುಷ್ಯ ತೂಕಡಿಸಲಿಲ್ಲ, ಅದು ಸಾಬೀತಾಯಿತು. ಆದರೆ ಹಾಳೆ ಹಾಕಿದವನೂ ಅವನೇ, ತೆಗೆಯಲು ಮರೆತವನೂ ಅವನೇ. ಅಪ್ಪ ತೂಕಡಿಸಿದನೆಂದು ಅರ್ಜಿ ಬರೆದ ಮಗಳ ಕೈಗೆ ಈಗ ಮರೆವೂ ಸಿಕ್ಕಿಬಿಡುತ್ತಿತ್ತು. ಅವಳು ತನ್ನ ಕಾರಿನಿಂದ ಇಳಿದು ಬರುತ್ತಿದ್ದಳು, ಚಪ್ಪಲಿಯ ಸದ್ದು ಕೇಳುತ್ತಿತ್ತು. ಆ ಮನುಷ್ಯ ನನ್ನ ಬಾಗಿಲಿಗೆ ಇಪ್ಪತ್ತು ವರ್ಷ ಹಿಮ ಹಾಕಿದವನು. ಆದರೂ ಒಬ್ಬನ ಮನೆ, ಒಲೆ, ಸರೋವರದ ಕಿಟಕಿ ಎಲ್ಲ ಮೂರು ಚಿಂದಿಯ ದೆಸೆಯಿಂದ ಹೋಗುವುದು ನನಗೆ ಸರಿಕಾಣಲಿಲ್ಲ.

"ಏನದು?" ಅಂದಳು ಡಾರ್ಲೀನ್.

"ಗಾಳಿಯ ಹೋಸಿನಲ್ಲಿ ಸಿಕ್ಕಿಕೊಂಡಿತ್ತು," ಅಂದೆ. "ನಿಮ್ಮಪ್ಪನ ಕಾಲು ಪೆಡಲ್ ಮೇಲೇ ಇತ್ತು, ನಾನೇ ನೋಡ್ದೆ. ಕಾರೇ ನಿಂತಿದ್ದು. ಎಲ್ಲೋ ಇದ್ದ ಹಾಳೆನ ಇಲಿ ಎಳ್ಕೊಂಡು ಹೋಗಿ ಒಳಗೆ ಹಾಕಿರ್ಬೇಕು."

ಅವಳು ನನ್ನನ್ನು ನೋಡಿದಳು. ನಂಬಿದಳು ಅಂತಲೇ ಕಂಡಿತು. ಹೆಗಲು ಸ್ವಲ್ಪ ಇಳಿಯಿತು.

"ಇಲಿ?" ಅಂದ ಓನ್ನಿ.

"ಹೂಂ. ಇಲಿ," ಅಂದೆ, ಅವನ ಕಾಲನ್ನು ಮೆಲ್ಲಗೆ ತುಳಿದು.

"ನನ್ನ ಕಾರಲ್ಲಿ ಇಲಿ?"

"ಎಲ್ಲರ ಕಾರಲ್ಲೂ ಇರತ್ತೆ ಓನ್ನಿ, ಬಿಡಿ."

"ಎಲ್ಲರ ಕಾರಲ್ಲಿ ಇರತ್ತೆ! ನನ್ನದರಲ್ಲಿ ಇಲ್ಲ! ಮೂವತ್ತೊಂದು ಚಳಿಗಾಲ ಇಟ್ಟಿದೀನಿ ಈ ಕಾರನ್ನ, ಒಂದು ಹಿಕ್ಕೆ ತೋರಿಸು! ಒಂದೇ ಒಂದು ಹಿಕ್ಕೆ! ಹನ್ನೆರಡು ಜಾಗದಲ್ಲಿ ಹಾಳೆ ಇಡ್ತೀನಿ, ಈ ಹೋಸನ್ನ ಬಿಚ್ಚಿ ನನ್ನ ಕೈಯಾರೆ ಇಡ್ತೀನಿ, ಇಲಿಯಂತೆ! ಇಲಿ ಗಂಟು ಹಾಕತ್ತಾ? ನೋಡು ಈ ಗಂಟನ್ನ! ಇಲಿ ಕೌಂಟಿಯಲ್ಲಿ ಕೆಲಸ ಮಾಡಿತ್ತಾ?"

ಮಾತು ಮುಗಿದ ಮೇಲೆ ತಾನು ಏನು ಹೇಳಿದೆನೆಂದು ಅವನಿಗೆ ತಿಳಿಯಿತು. ತಿಳಿದದ್ದು ಅವನ ಕೈಯಲ್ಲಿ ಕಂಡಿತು, ಗಂಟು ಹಿಡಿದ ಕೈ ಕೆಳಗಿಳಿಯಿತು.

"ಹನ್ನೆರಡು ಇಟ್ಟೆ," ಅಂದಳು ಡಾರ್ಲೀನ್. "ಮೇ ತಿಂಗಳಲ್ಲಿ ಎಷ್ಟು ತೆಗೆದೆ?"

"ಹನ್ನೆರಡು ಅಂದ್ಕೊಂಡಿದ್ದೆ."

"ಅಂದ್ಕೊಂಡಿದ್ದೆ."

"ಮರೆತೆ. ಸರಿನಾ? ಬರ್ಕೋ. ದುಂಡಗೆ ಸಹಿ ಹಾಕು. ಮರೆತೆ, ಆದ್ರೆ ನಿದ್ದೆ ಮಾಡ್ಲಿಲ್ಲ. ನಾನು ನಿದ್ದೆ ಮಾಡ್ದೆ ಅಂತ ನೀನು ಬರೆದೆ. ನನ್ನನ್ನ ಕೇಳ್ದೆ ಬರೆದೆ."

"ಕೇಳಿದ್ದೆ! ಮೂರು ಸಲ ಕೇಳಿದ್ದೆ, ಫೋನ್ ಇಟ್ಟುಬಿಟ್ಟೆ ನೀನು!"

"ಕೇಳೋ ರೀತಿ ಇರತ್ತೆ!"

"ಇನ್ನೊಂದು ಮೊಳ ಈಚೆ ಬಂದಿದ್ರೆ ಆ ಲಾರಿ ನಿನ್ನ ಮೇಲೆ ಬರ್ತಿತ್ತು, ಈ ಚಿಂದಿಗೋಸ್ಕರ, ಅದಕ್ಕೆ ಯಾವ ರೀತಿಲಿ ಕೇಳ್ಬೇಕಿತ್ತು ಹೇಳು!"

ಅವಳು ಅಳುತ್ತಿದ್ದಳು. ಕೋಪದಲ್ಲೇ ಅಳುತ್ತಿದ್ದಳು, ಒರೆಸಿಕೊಳ್ಳಲೂ ಇಲ್ಲ. ಓನ್ನಿ ಅದನ್ನು ನೋಡಿ ಇನ್ನೂ ಸಿಟ್ಟಾದ. ನಾನು ಹೋಸ್ ಕೂಡಿಸಿ ಕ್ಲಿಪ್ಪು ಬಿಗಿದು ಬಾನೆಟ್ಟನ್ನು ಧಡ್ ಎಂದು ಹಾಕಿದೆ. ಸುಳ್ಳು ಹೇಳಿ ಸಿಕ್ಕಿಬಿದ್ದವಳು ನಾನೊಬ್ಬಳೇ ಅಲ್ಲಿ.

ಗ್ಯಾರೇಜಿಗೆ ಬಂದ ಮೇಲೆ ಇಬ್ಬರೂ ಕಾಗದ ಕೇಳಿದರು. ಕಾರೇ ನಿಂತಿತೆಂದು ಬರೆಯಬೇಕು, ಹಾಳೆಯ ವಿಷಯ ಬೇಡ ಎಂದು ಓನ್ನಿ. ಹಾಳೆ ಯಾರು ಮರೆತರೆಂದು ಬರೆಯಬೇಕು ಎಂದು ಡಾರ್ಲೀನ್. ನಾನು ಮೇಜಿನಲ್ಲಿ ಕೂತು ಒಂದೇ ಕಾಗದ ಬರೆದೆ.

'ಗಾಳಿಯ ಹೋಸಿನಲ್ಲಿ ಮೂರು ಹಾಳೆಯ ಗಂಟು ಸಿಕ್ಕಿತು. ಚಳಿಗಾಲಕ್ಕೆಂದು ಒಡೆಯರೇ ಇಟ್ಟು ತೆಗೆಯಲು ಮರೆತದ್ದು. ಅದು ಅಡ್ಡ ಬಂದಾಗ ಯಾರು ಓಡಿಸಿದರೂ ಎಂಜಿನ್ ನಿಲ್ಲುತ್ತದೆ. ನಿಂತಾಗ ಚಾಲಕರ ಕಾಲು ಪೆಡಲಿನ ಮೇಲೆ, ಕಣ್ಣು ರಸ್ತೆಯ ಮೇಲೆ ಇದ್ದದ್ದನ್ನು ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಕಾರನ್ನು ಅವರು ಸುರಕ್ಷಿತವಾಗಿ ರಸ್ತೆಯಿಂದ ಹೊರಗೆ ತಂದರು. ಹೆಲ್ಮಿ ಓಯಾಲಾ, ಮೆಕ್ಯಾನಿಕ್.'

ಓನ್ನಿ ಓದಿದ. "ಈ ಎರಡನೇ ಸಾಲು ತೆಗಿ."

"ತೆಗೆದ್ರೆ ಕೊನೆಯ ಎರಡು ಸಾಲೂ ತೆಗೀತೀನಿ. ಇದ್ರೆ ಎಲ್ಲ ಇರತ್ತೆ."

"ನಿನ್ನ ಗಂಡನ ಹಾಗೇ ನೀನೂ. ಕೈಗೆ ಪೆನ್ನು ಸಿಕ್ಕಿದ್ರೆ ಸಾಕು."

"ಕಾರ್ಲ್ ಬರೆದಿದ್ದೂ ನಿಜಾನೇ ಆಗಿತ್ತು."

ಅವನು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದ. ಹರಿಯುತ್ತಾನೆ ಅಂದುಕೊಂಡೆ. ಮಡಚಿ ಜೇಬಿಗೆ ಹಾಕಿಕೊಂಡ. "ಆ ಕಾರಿನ ಬಾಗಿಲನ್ನ ನಾನು ಕೆರೆದದ್ದು ನಿಜ," ಅಂದ. ಅದು ಕ್ಷಮೆಯ ಸ್ವರವಾಗಿರಲಿಲ್ಲ. ಹವಾಮಾನ ಹೇಳುವ ಸ್ವರ.

ಡಾರ್ಲೀನ್ ಅರ್ಜಿ ವಾಪಸ್ಸು ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳುತ್ತೀಯಾ ಎಂದು ನಾನು ಕೇಳಿದ್ದಕ್ಕೆ, "ಇಲ್ಲ. ಪಾಸಾಗಲಿ. ಪಾಸಾದ್ರೆ ನಾನೂ ನಿದ್ದೆ ಮಾಡ್ತೀನಿ," ಅಂದಳು. ಅದರಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ.

ಗುರುವಾರ ಮಧ್ಯಾಹ್ನ ಹಳದಿ ಕಾರು ಮತ್ತೆ ಬಂದು ನಿಂತಿತು. ಹಾರ್ನ್ ಹೊಡೆಯಲಿಲ್ಲ, ನಾನೇ ಹೊರಗೆ ಹೋದೆ. ಓನ್ನಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ.

"ಅಲ್ಲಿ ಒಬ್ಬಳು ಹೆಂಗಸು. ದಕ್ಷಿಣ ಮಿಷಿಗನ್ನಿನವಳು, ನಮ್ಮ ಚಳಿಗಾಲ ಗೊತ್ತಿಲ್ಲ. ನಿನ್ನ ಕಾಗದ ಎರಡು ಸಲ ಓದಿದಳು. ಕಾರಿಗೆ ಯಾಕೆ ಬಟ್ಟೆಯ ಹಾಳೆ ಹಾಕ್ತೀರಿ ಅಂತ ಕೇಳಿದಳು. ಇಲಿಗೆ ಅಂದೆ. ನಕ್ಕಳು. ಆಮೇಲೆ ಒಂದೂವರೆ ಗಂಟೆ ಓಡಿಸಿದಳು ನನ್ನನ್ನ, ಹಿಂದಕ್ಕೆ, ಮುಂದಕ್ಕೆ, ಇಳಿಜಾರಲ್ಲಿ ನಿಲ್ಲಿಸಿ ಎಬ್ಬಿಸೋದು, ಎಲ್ಲ."

"ಆಮೇಲೆ?"

"ಒಂದು ವರ್ಷ," ಅಂತ ಉಗುಳಿದ. "ಹಗಲು ಮಾತ್ರ. ಮುಂದಿನ ಸೆಪ್ಟೆಂಬರಲ್ಲಿ ಮತ್ತೆ ಬರಬೇಕಂತೆ. ಹಾಲಿನ ಡಬ್ಬಿಯ ಹಾಗೆ ನನ್ನ ಮೇಲೂ ತಾರೀಖು ಹೊಡೆದು ಕಳಿಸಿದಳು."

"ನಿಮ್ಮ ವಯಸ್ಸಲ್ಲಿ ಹಾಲಾಗಿದ್ರೆ ಒಡೆದು ಹೋಗ್ತಿತ್ತು. ಒಂದು ವರ್ಷ ಸಿಕ್ಕಿದೆ, ಸುಮ್ನೆ ತಗೊಳ್ಳಿ."

"ನಿನ್ನನ್ನ ಯಾರು ಕೇಳಿದ್ರು?"

ಹಿಂದೆ ಡಾರ್ಲೀನಳ ಬೂದು ಕಾರು ಎಂಜಿನ್ ಆಫ್ ಮಾಡದೆ ನಿಂತಿತ್ತು. ಕಚೇರಿಯಿಂದ ಇಲ್ಲಿಯವರೆಗೆ ಅಪ್ಪನ ಹಿಂದೆಯೇ ಬಂದಿರಬೇಕು. ಕಿಟಕಿಯಿಂದ ತಲೆ ಹಾಕಿ, ಸಂಜೆಯಾಗುವುದಕ್ಕೆ ಮುಂಚೆ ಮನೆ ಸೇರಬೇಕೆಂದು ಕೂಗಿದಳು. ಸೂರ್ಯ ಎಲ್ಲಿದ್ದಾನೆ ನೋಡು, ನಿನಗೆ ಗಡಿಯಾರ ನೋಡಲೂ ಬರುವುದಿಲ್ಲವೇ ಎಂದು ಇವನು ಕೂಗಿದ. ಭಾನುವಾರ ಬಂದು ಬಿಸಿನೀರಿನ ಕೊಳವೆ ನೋಡುತ್ತೇನೆ, ಬಾಗಿಲು ತೆರೆ ಎಂದು ಅವಳು. ತೆರೆಯುವುದಿಲ್ಲ ಎಂದು ಇವನು. ಹಾಗಾದರೆ ಎಷ್ಟು ಗಂಟೆಗೆ ತೆರೆಯುವುದಿಲ್ಲ ಎಂದು ಅವಳು ಕೇಳಿದಳು.

"ಹತ್ತಕ್ಕೆ!" ಅಂತ ಕಿರುಚಿ, ಓನ್ನಿ ಮೊದಲನೇ ಗೇರ್ ಹಾಕಿದ.